ಕಣ್ಣು ಬಿಡಿಸುವ ಉಳಿ

ಶಶಿಪ್ರಭಾಳಿಗೆ ಉಳಿಯ ಬಗ್ಗೆ ಏನೂ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂಬುದು ಗೊತ್ತಾಗಲು ಅವಳಿಗೆ ಹತ್ತೊಂಬತ್ತು ದಿನ ಹಿಡಿಯಿತು.

ಹತ್ತೊಂಬತ್ತನೆಯ ದಿನ ಬೆಳಿಗ್ಗೆ ಒಂಬತ್ತೂವರೆಗೆ ಅವಳು ಕಲ್ಲಡ್ಕದ ಹೆದ್ದಾರಿ ಬದಿಯಲ್ಲಿ, ತಗಡಿನ ಮಾಡಿನ ಒಂದು ಅಂಗಡಿಯೊಳಗೆ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತಿದ್ದಳು. ಎದುರಿಗೆ ಊಟದ ತಟ್ಟೆಯಷ್ಟು ಅಗಲದ ಬೂದು ಕಲ್ಲಿನ ಚಕ್ರ ನಿಧಾನವಾಗಿ ತಿರುಗುತ್ತಿತ್ತು. ಚಕ್ರದ ಕೆಳಭಾಗ ನೀರಿನ ತೊಟ್ಟಿಯಲ್ಲಿ ಮುಳುಗಿತ್ತು. ಮೇಲೆ ಬರುವಾಗ ಅದು ತೆಳ್ಳಗೆ ಒಂದು ಪದರ ನೀರನ್ನು ಹೊತ್ತು ತರುತ್ತಿತ್ತು. ಕಿಡಿ ಇಲ್ಲ, ಕಿರುಚಾಟ ಇಲ್ಲ. ಯಾರೋ ದೂರದಲ್ಲಿ ಹಿಟ್ಟು ರುಬ್ಬುವ ಹಾಗೆ ಸಣ್ಣ ಸದ್ದು, ಅಷ್ಟೇ.

ಪುತ್ತಿಗೆಯ ಮರಕೆತ್ತನೆಯ ಲೋಕಯ್ಯ ಆಚಾರ್ಯರನ್ನು ಅವರದೇ ಶೆಡ್ಡಿನಲ್ಲಿ ಅರ್ಧ ಇಂಚಿನ ಉಳಿಯಿಂದ ಯಾರೋ ಇರಿದು ಕೊಂದಿದ್ದರು. ಅವರ ಶಿಷ್ಯ ಶಂಭುವನ್ನು ಹಿಡಿದು ಒಳಗೆ ಹಾಕಿದವಳು ಸಬ್ ಇನ್‌ಸ್ಪೆಕ್ಟರ್ ಶಶಿಪ್ರಭಾ.

ಹಿಡಿದದ್ದು ಬುದ್ಧಿವಂತಿಕೆಯಿಂದಲೇ. ಶಂಭುವಿನ ಉಳಿಗಳ ಬಟ್ಟೆಸುರುಳಿ ಶೆಡ್ಡಿನ ಗೂಟದಲ್ಲಿ ನೇತಾಡುತ್ತಿತ್ತು. ಒಳಗೆ ಹನ್ನೆರಡು ಉಳಿ. ಹನ್ನೊಂದು ದಿನಬಳಕೆಯವು, ಮರದ ಮೇಣ ಅಂಟಿದವು. ಹನ್ನೆರಡನೆಯದು, ಅರ್ಧ ಇಂಚಿನದ್ದು, ಆಗಷ್ಟೇ ಯಂತ್ರದಲ್ಲಿ ಮಸೆದು ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಪ್ರಯೋಗಾಲಯದವರು ಅದರಲ್ಲಿ ರಕ್ತವೇ ಇಲ್ಲವೆಂದರು. ಇಲ್ಲದಿರುವುದೇ ಸಾಕ್ಷಿ ಎಂದು ಶಶಿಪ್ರಭಾ ಬರೆದಳು. ಕೊಂದವನು ರಕ್ತ ಹೋಗುವಷ್ಟು ಉಕ್ಕನ್ನು ತೇಯ್ದು ತೆಗೆದಿದ್ದಾನೆ ಎಂದಳು. ಇನ್‌ಸ್ಪೆಕ್ಟರ್ ಶೋಧನ್ ಅದನ್ನು ಓದಿ, ಇಡೀ ಠಾಣೆಯ ಎದುರು, ಇದು ತಲೆ ಅಂದರೆ ಎಂದು ಹೊಗಳಿದ್ದರು.

ಆಮೇಲೆ ಅದೇ ಶೋಧನ್ ಶಂಭುವಿನ ಬಾಯಿ ಬಿಡಿಸಲು ಅವನ ಬಲಗೈಯನ್ನು ಮೇಜಿನ ಮೇಲೆ ಇಡಿಸಿದ್ದರು. ಶಶಿಪ್ರಭಾ ಆಗ ಹೊರಗಿನ ಕೋಣೆಯಲ್ಲಿ ವರದಿ ಟೈಪ್ ಮಾಡುತ್ತಿದ್ದಳು. ಕೇಳಿಸಲಿಲ್ಲ ಎಂದು ಹೇಳುವಷ್ಟು ದಪ್ಪ ಗೋಡೆ ಅದಲ್ಲ.

ಶಂಭು ಬಾಯಿ ಬಿಡಲಿಲ್ಲ. ಬೆರಳುಗಳು ಮುರಿದು, ಕೀವು ತುಂಬಿ, ಈಗ ಅವನು ಸರಕಾರಿ ಆಸ್ಪತ್ರೆಯ ಮಂಚದಲ್ಲಿ ಒಂದು ಕಾಲಿಗೆ ಬೇಡಿ ಹಾಕಿಸಿಕೊಂಡು ಮಲಗಿದ್ದ. ಕೈ ಶಸ್ತ್ರಚಿಕಿತ್ಸೆಯ ದೊಡ್ಡ ಡಾಕ್ಟರರ ಹತ್ತಿರ ನಾಳೆಯೊಳಗೆ ಕೊಂಡುಹೋದರೆ ಬೆರಳು ಉಳಿದೀತು ಎಂದು ಅಲ್ಲಿಯ ಡಾಕ್ಟರು ಹಿಂದಿನ ದಿನ ಹೇಳಿದ್ದರು. ಆರೋಪಿಯನ್ನು ಹಾಗೆಲ್ಲ ಕೊಂಡುಹೋಗಲು ಬರುವುದಿಲ್ಲ. ಜಾಮೀನು ಸಿಗಬೇಕು. ಮಧ್ಯಾಹ್ನ ಎರಡೂವರೆಗೆ ಅರ್ಜಿಯ ವಿಚಾರಣೆ. ಅಷ್ಟರೊಳಗೆ ಅವನ ಪರವಾಗಿ ಏನಾದರೂ ಬರಹದಲ್ಲಿ ತಂದರೆ ಸರಕಾರಿ ವಕೀಲರಿಗೆ ಕೊಡುತ್ತೇನೆ, ಇಲ್ಲವಾದರೆ ಅರ್ಜಿಯನ್ನು ವಿರೋಧಿಸುವುದೇ ಎಂದು ಶೋಧನ್ ಮುಖ ತಿರುಗಿಸಿದ್ದರು.

ಅದೇ ಆಸ್ಪತ್ರೆಯ ಮೆಟ್ಟಿಲಲ್ಲಿ ಶಂಭುವಿನ ತಾಯಿ ಒಂದು ಮಾತು ಹೇಳಿದ್ದಳು. ನನ್ನ ಮಗ ಆ ಯಂತ್ರವನ್ನು ಮುಟ್ಟಿದವನೇ ಅಲ್ಲ, ಅದನ್ನು ಸೋಮಾರಿಗಳ ಕಲ್ಲು ಅಂತ ಕರೀತಿದ್ದ ಎಂದು. ತಾಯಂದಿರು ಹೇಳುವ ಮಾತು ಎಂದು ಬಿಟ್ಟುಬಿಡಬಹುದಿತ್ತು. ಶಶಿಪ್ರಭಾಳಿಗೆ ರಾತ್ರಿ ನಿದ್ದೆ ಬರಲಿಲ್ಲ.

ಹಾಗಾಗಿ ಈಗ ನಿಝಾರ್. ಹನ್ನೊಂದು ವರ್ಷ ಶಾರ್ಜಾದ ಪೀಠೋಪಕರಣದ ಕಾರ್ಖಾನೆಯಲ್ಲಿ ಹರಿತ ಮಾಡುವುದೊಂದನ್ನೇ ಕೆಲಸ ಮಾಡಿ, ಬರುವಾಗ ಇಂಥ ಎರಡು ಯಂತ್ರ ತಂದವನು. ಒಂದು ಇಲ್ಲಿ ಉಂಟು. ಇನ್ನೊಂದನ್ನು ಎರಡು ವರ್ಷದ ಹಿಂದೆ ಲೋಕಯ್ಯನವರ ಶೆಡ್ಡಿಗೆ ಕೂರಿಸಿಕೊಟ್ಟಿದ್ದ. ಅವರ ಕೈ ನಡುಗಲು ಸುರುವಾದ ಮೇಲೆ.

ತಜ್ಞರ ಅಭಿಪ್ರಾಯಕ್ಕೆ ಎಂದು ರಿಜಿಸ್ಟರಿನಲ್ಲಿ ಸಹಿ ಹಾಕಿ ತಂದ ಉಳಿಯನ್ನು ಅವನು ಪ್ಲಾಸ್ಟಿಕ್ ಚೀಲದೊಳಗಿಂದಲೇ ನೋಡಿದ. ಭೂತಗನ್ನಡಿ ಇಟ್ಟು ಮತ್ತೆ ನೋಡಿದ.

"ಇದು ಕೈಯಲ್ಲಿ ಮಸೆದದ್ದಲ್ಲ ಮೇಡಂ. ಇಲ್ಲಿ ಅಲಗಿನ ಇಳಿಜಾರಿನಲ್ಲಿ ಸಣ್ಣ ಕುಳಿ ಉಂಟು, ಕಾಣ್ತದಾ? ಚಕ್ರ ಉರುಟಲ್ಲವಾ, ಅದರ ಬೆನ್ನು ಉಕ್ಕಿನಲ್ಲಿ ಕೂರ್ತದೆ. ಚಪ್ಪಟೆ ಕಲ್ಲಿನಲ್ಲಿ ವರ್ಷ ಉಜ್ಜಿದ್ರೂ ಈ ಕುಳಿ ಬರುವುದಿಲ್ಲ."

"ಅದು ಗೊತ್ತು. ಅದಕ್ಕೇ ಅವನನ್ನು ಹಿಡಿದದ್ದು."

"ಹಿಡಿದದ್ದು ಹಿಡಿದಾಯ್ತು. ಗೊತ್ತಿರುವುದು ಅರ್ಧ."

ಸಮವಸ್ತ್ರದಲ್ಲಿ ಬಂದಿದ್ದರೆ ಅವನು ಹೀಗೆ ಹೇಳುತ್ತಿರಲಿಲ್ಲವೇನೋ. ಚೂಡಿದಾರ ಹಾಕಿ ಬಂದದ್ದು ಒಳ್ಳೆಯದಾಯಿತು ಅಂದುಕೊಂಡಳು.

ನಿಝಾರ್ ತನ್ನದೇ ಒಂದು ಹಳೆಯ ಉಳಿಯನ್ನು ಎತ್ತಿಕೊಂಡ. ಅದನ್ನು ಅಂಗೈಯಗಲದ ಒಂದು ಕಬ್ಬಿಣದ ಹಿಡಿಕೆಗೆ ಸಿಕ್ಕಿಸಿದ. ಹಿಡಿಕೆಯ ಎರಡು ಬದಿಗೂ ಒಂದೊಂದು ತಿರುಪು. ಎಡದ್ದನ್ನು ಸ್ವಲ್ಪ, ಬಲದ್ದನ್ನು ಸ್ವಲ್ಪ, ಮತ್ತೆ ಎಡದ್ದನ್ನು ಸ್ವಲ್ಪ ಎಂದು ಸಮನಾಗಿ ಬಿಗಿದ. ಚಕ್ರದ ಮುಂದಿನ ಅಡ್ಡಸರಳಿಗೆ ಹಿಡಿಕೆಯನ್ನು ತೂಗಿಸಿ ಉಳಿಯ ತುದಿಯನ್ನು ಕಲ್ಲಿನ ಮೇಲೆ ಇಳಿಸಿದ. ನೀರು ಉಳಿಯ ಬೆನ್ನಿಗೆ ಏರಿ ಹರಿಯಿತು. ಅವನು ಒತ್ತಲಿಲ್ಲ. ಎಡಕ್ಕೂ ಬಲಕ್ಕೂ ಸರಿಸುತ್ತ ಹೋದ, ಅಷ್ಟೇ. ತೊಟ್ಟಿಯಲ್ಲಿ ಬೂದು ಕೆಸರು ನಿಧಾನಕ್ಕೆ ಕದಡಿತು.

ಒಣ ಚಕ್ರಕ್ಕೆ ಹಿಡಿದರೆ ಅಲಗು ಬಿಸಿಯಾಗಿ ನೀಲಿಗೆ ತಿರುಗುತ್ತದೆ, ನೀಲಿಯಾದ ಉಕ್ಕು ಮತ್ತೆ ಹರಿತ ಹಿಡಿಯುವುದಿಲ್ಲ ಎಂದು ಅವನು ವಿವರಿಸಿದ. ಸಣ್ಣ ಉಳಿಗಳಂತೂ ಒಂದು ಉಸಿರಿನಷ್ಟು ಹೊತ್ತಿನಲ್ಲಿ ಹಾಳು. ಇದರಲ್ಲಿ ಆ ಹೆದರಿಕೆ ಇಲ್ಲ. ಕೆಲಸ ಮುಗಿದ ಮೇಲೆ ತೊಟ್ಟಿಯ ನೀರು ಚೆಲ್ಲಲು ಮರೆಯಬಾರದು, ಇಲ್ಲವಾದರೆ ನಿಂತ ಚಕ್ರ ಒಂದೇ ಬದಿಯಲ್ಲಿ ನೀರು ಕುಡಿದು ತೂಕ ತಪ್ಪುತ್ತದೆ. ಅಷ್ಟೇ ಕಾಯಿದೆ.

ಯಂತ್ರದ ಇನ್ನೊಂದು ಬದಿಯ ತೊಗಲಿನ ಚಕ್ರಕ್ಕೆ ಪೇಸ್ಟ್ ಹಚ್ಚಿ ಅಲಗನ್ನು ಎರಡು ಸಲ ಮುಟ್ಟಿಸಿದ. ಆಮೇಲೆ ಎಡಗೈಯನ್ನು ಚಾಚಿ, ಮುಂಗೈಯ ಮೇಲೆ ಉಳಿಯನ್ನು ಮೆಲ್ಲಗೆ ಎಳೆದ. ಕೂದಲು ಪುಡಿಯಾಗಿ ಉದುರಿತು. ಕರಿ ಕೂದಲು ತುಂಬಿದ ಆ ಕೈಯಲ್ಲಿ, ಮಣಿಕಟ್ಟಿನಿಂದ ನಾಲ್ಕು ಬೆರಳು ಮೇಲೆ, ಒಂದು ಬೀಡಿ ಎಲೆಯಷ್ಟು ಜಾಗ ಮಗುವಿನ ಚರ್ಮದ ಹಾಗೆ ಬೋಳಾಗಿತ್ತು.

"ಹೆಂಡತಿ ನಗ್ತಾಳೆ," ಅವನು ಅಂದ. "ಇದೊಂದು ಜಾಗದಲ್ಲಿ ಬೆಳೆಯಲಿಕ್ಕೇ ಬಿಡುವುದಿಲ್ಲ ಅಂತ. ಹರಿತ ಮಾಡುವವರಿಗೆಲ್ಲ ಈ ಗುರುತು ಉಂಟು."

ಆಮೇಲೆ ಅವನು ವಿಷಯಕ್ಕೆ ಬಂದ. ಲೋಕಯ್ಯನವರ ಸುರುಳಿಯಿಂದ ವಶಪಡಿಸಿಕೊಂಡ ನಾಲ್ಕು ಉಳಿಗಳನ್ನೂ ಶಶಿಪ್ರಭಾ ತಂದಿದ್ದಳು. ನಾಲ್ಕನ್ನೂ, ಶಂಭುವಿನ ಆ ಒಂದನ್ನೂ ಅವನು ಸಾಲಾಗಿ ಇಟ್ಟು, ಒಂದು ಉಕ್ಕಿನ ಮೂಲೆಮಟ್ಟವನ್ನು ಒಂದೊಂದರ ಬಾಯಿಗೆ ತಾಗಿಸಿ ಬೆಳಕಿಗೆ ಹಿಡಿದು ತೋರಿಸಿದ. ಐದರಲ್ಲೂ ಎಡಮೂಲೆಯಲ್ಲಿ ಕೂದಲೆಳೆಯಷ್ಟು ಬೆಳಕು ಕಂಡಿತು. ಐದೂ ಒಂದೇ ಬದಿಗೆ ಓರೆ. ಐದೂ ಒಂದೇ ಅಳತೆ ಓರೆ.

ಎಡದ ತಿರುಪನ್ನು ಬಿಗಿಯಾಗಿ, ಬಲದ್ದನ್ನು ಸಡಿಲವಾಗಿ ಬಿಡುವವರ ಕೆಲಸ ಇದು ಎಂದ ನಿಝಾರ್. ಉಳಿ ಹಿಡಿಕೆಯಲ್ಲಿ ಒಂದಿಷ್ಟು ವಾಲಿ ಕೂತಿರುತ್ತದೆ. ಪ್ರತಿಸಲವೂ ಹಾಗೇ ಆಗುವುದು ಅಂದರೆ ಅದು ಅಜಾಗ್ರತೆಯಲ್ಲ, ಕೈಯ ಊನ. ಲೋಕಯ್ಯನವರ ಬಲಗೈ ನಡುಗುತ್ತಿದ್ದದ್ದು ಊರಿಗೇ ಗೊತ್ತು.

"ಶಂಭುವಿನ ಉಳಿಯನ್ನು ಮಸೆದದ್ದು ಲೋಕಯ್ಯನವರೇ ಮೇಡಂ. ಸತ್ತವರು ಸತ್ತ ಮೇಲೆ ಮಸೆಯಲಿಕ್ಕೆ ಆಗ್ತದಾ?"

ಶಶಿಪ್ರಭಾ ಅದನ್ನು ಎರಡು ಸಲ ಹೇಳಿಸಿದಳು. ಗುರು ಬದುಕಿರುವಾಗಲೇ ಮಸೆದ ಉಳಿ. ಅದನ್ನು ಮಸೆದ ಮೇಲೆ ಯಾರೂ ಮರಕ್ಕಾಗಲೀ ಮನುಷ್ಯನಿಗಾಗಲೀ ತಾಗಿಸಿಲ್ಲ, ಅಲಗಿನಲ್ಲಿ ತೊಗಲಿನ ಹೊಳಪು ಹಾಗೇ ಇದೆ ಎಂದೂ ನಿಝಾರ್ ಸೇರಿಸಿದ. ಅಂದರೆ ಕೊಂದದ್ದು ಈ ಉಳಿಯಲ್ಲ. ಹತ್ತೊಂಬತ್ತು ದಿನದಿಂದ ಅವಳು ಎತ್ತಿ ತೋರಿಸುತ್ತಿದ್ದದ್ದು ಏನೂ ಮಾಡದ ಒಂದು ತುಂಡು ಉಕ್ಕು.

ಅವನು ಹೇಳಿದ್ದನ್ನು ಕನ್ನಡದಲ್ಲಿ ಬರೆಸಿ, ಸಹಿ ಹಾಕಿಸಿ, ಕಾಗದವನ್ನು ಬ್ಯಾಗಿನಲ್ಲಿಟ್ಟಳು. ಹತ್ತೂ ನಲವತ್ತು ಆಗಿತ್ತು.

"ಚಾ ಕುಡಿದು ಹೋಗಿ," ಎಂದ ನಿಝಾರ್. "ಪೊಲೀಸರು ಹಾಗೇ ಹೋದರೆ ಆಚೀಚೆಯವರು ಎಂತದೋ ಆಯ್ತು ಅಂದುಕೊಳ್ತಾರೆ."

ಅವಳು ಕುಡಿಯದೆ ಹೋದಳು.

ಬಂಟ್ವಾಳ ದಾಟಿ ಮೂಡುಬಿದಿರೆಯ ಕಡೆಗೆ ಸ್ಕೂಟರ್ ಓಡಿಸುವಾಗ ಅವಳ ತಲೆಯಲ್ಲಿ ಒಂದೇ ಪ್ರಶ್ನೆ. ನಿಝಾರನ ಕಾಗದ ಒಂದೇ ಸಾಲದು. ಅಂಗಡಿಯವನೊಬ್ಬ ಹೇಳಿದ ಎಂದು ಶೋಧನ್ ಅದನ್ನು ಮಡಚಿ ಬದಿಗಿಡುತ್ತಾರೆ. ಗುರು ಯಾಕೆ ಶಿಷ್ಯನ ಉಳಿಯನ್ನು ಮಸೆಯಬೇಕು? ಅದು ಗೊತ್ತಾಗಬೇಕು. ಆ ಶೆಡ್ಡಿನಲ್ಲಿ ಒಬ್ಬರ ಉಳಿಯನ್ನು ಇನ್ನೊಬ್ಬರು ಮಸೆಯುವುದಿಲ್ಲ ಎಂದು ವಿಚಾರಣೆಯಲ್ಲಿ ಎಲ್ಲರೂ ಹೇಳಿದ್ದರು. ಬಾಚಣಿಗೆ ಹಂಚಿಕೊಂಡರೂ ಹಂಚಿಕೊಂಡಾರು, ಉಳಿಯನ್ನಲ್ಲ.

ಪುತ್ತಿಗೆಯಲ್ಲಿ ಲೋಕಯ್ಯನವರ ಹೆಂಡತಿ ಪ್ರೇಮಾವತಿ ಶೆಡ್ಡಿನಲ್ಲೇ ಸಿಕ್ಕಿದರು. ಅರುವತ್ತೆರಡರ ಹೆಂಗಸು, ಗಟ್ಟಿ ಆಳು. ಹಲಸಿನ ಮರದ ಚೂರುಗಳನ್ನು ಗುಡಿಸಿ ಗೋಣಿಗೆ ತುಂಬುತ್ತಿದ್ದರು. ಗಂಡನ ಹೆಣವನ್ನು ಮೊದಲು ಕಂಡವರು ಅವರು. ಗಂಜಿಗೆ ಕರೆಯಲು ಬಂದಾಗ.

"ಬಾ," ಅಂದರು. "ಈಗ ಯಾರನ್ನು ಹಿಡಿಯಲು ಬಂದೆ?"

ಪೊಲೀಸಿನವಳನ್ನು ಅವರು ಮೊದಲ ದಿನದಿಂದಲೂ ಏಕವಚನದಲ್ಲೇ ಮಾತಾಡಿಸುತ್ತಿದ್ದರು. ಮಾತು ತುಳುವಿನಲ್ಲಿ. ಶಶಿಪ್ರಭಾ ಬೆಳ್ತಂಗಡಿಯವಳು, ಅವಳಿಗೂ ಅದೇ ಸಲೀಸು. ಬರೆಯುವಾಗ ಮಾತ್ರ ಕನ್ನಡ.

ಅವಳು ಸುತ್ತುಬಳಸಲಿಲ್ಲ. ಶಂಭುವಿನ ಅರ್ಧ ಇಂಚಿನ ಉಳಿಯನ್ನು ನಿಮ್ಮ ಯಜಮಾನರೇ ಮಸೆದದ್ದು ಎಂದು ಗೊತ್ತಾಗಿದೆ, ಯಾಕೆ ಎಂದು ಹೇಳಿ ಎಂದಳು.

ಪ್ರೇಮಾವತಿ ಪೊರಕೆಯನ್ನು ಗೋಡೆಗೆ ಒರಗಿಸಿ, ಮರದ ದಿಮ್ಮಿಯ ಮೇಲೆ ಕೂತರು.

"ಅವತ್ತೇ ಹೇಳಿದ್ದೆ ನಿನಗೆ."

"ಏನು?"

"ಕಣ್ಣಿನ ಉಳಿಯನ್ನು ಬೆಳಿಗ್ಗೆ ಶಂಭುವಿನ ಕೈಗೆ ಕೊಟ್ಟಾಯ್ತು ಅಂತ. ಇಲ್ಲೇ ಹೇಳಿದ್ದು. ನೀನು ಪುಸ್ತಕ ಹಿಡ್ಕೊಂಡು ನಿಂತಿದ್ದೆ."

ಆಮೇಲೆ ಬಿಡಿಸಿ ಹೇಳಿದರು. ಅವರ ಮನೆತನದಲ್ಲಿ ಒಂದು ಪದ್ಧತಿ. ದೈವದ ಮೂರ್ತಿಯನ್ನು ಯಾರು ಬೇಕಾದರೂ ಕೆತ್ತಬಹುದು, ಕಣ್ಣು ಬಿಡಿಸುವುದು ಮಾತ್ರ ಗುರು ಆರಿಸಿದವನು. ಆರಿಸಿದ್ದೇನೆ ಎಂದು ಗುರು ಬಾಯಲ್ಲಿ ಹೇಳುವುದಿಲ್ಲ. ಆ ಶಿಷ್ಯನ ಸುರುಳಿಯಿಂದ ಒಂದು ಉಳಿ ತೆಗೆದು, ತಾನೇ ಮಸೆದು, ಅವನ ಕೈಗೆ ಕೊಡುತ್ತಾನೆ. ತೆಗೆದುಕೊಂಡವನು ಮನೆಗೆ ಹೋಗಿ ಸ್ನಾನ ಮಾಡಿ, ಉಪವಾಸದಲ್ಲಿ ಹಿಂದೆ ಬಂದು ಕಣ್ಣು ಬಿಡಿಸಬೇಕು. ಅಲ್ಲಿಯವರೆಗೆ ಅವನು ಆ ಉಳಿಯ ಸುದ್ದಿ ಎತ್ತಬಾರದು. ಎತ್ತಿದರೆ ಮೂರ್ತಿ ಕುರುಡಾಗುತ್ತದೆ ಎಂದು ನಂಬಿಕೆ.

ಬೆಳ್ತಂಗಡಿ ಕಡೆಯ ಒಂದು ದೈವಸ್ಥಾನದ ಮೂರ್ತಿ ಅದು. ಶಂಭು ಸುರುಳಿಯನ್ನು ಗೂಟಕ್ಕೆ ಹಾಕಿ ಸ್ನಾನಕ್ಕೆ ಹೋದ. ಹಿಂದೆ ಬರುವಷ್ಟರಲ್ಲಿ ಶೆಡ್ಡಿನ ತುಂಬ ಪೊಲೀಸರು. ಮೂರ್ತಿಯ ಕಣ್ಣು ಮುಚ್ಚಿಯೇ ಇತ್ತು.

"ಅದಕ್ಕೆ ಅವನು ಬಾಯಿ ಬಿಡಲಿಲ್ಲವಾ?" ಶಶಿಪ್ರಭಾ ಕೇಳಿದಳು. "ಬೆರಳು ಮುರಿಯುವಾಗಲೂ?"

"ನಾವು ಕಲಿಸಿದ ಹಾಗೆ ಇದ್ದ," ಎಂದರು ಪ್ರೇಮಾವತಿ. "ನಿಮ್ಮವರು ಕಲಿತ ಹಾಗೆ ಮಾಡಿದರು."

ಶಶಿಪ್ರಭಾ ಬ್ಯಾಗಿನಿಂದ ಹಳೆಯ ನೋಟ್ ಪುಸ್ತಕ ತೆಗೆದಳು. ಮೊದಲ ದಿನದ ಹಾಳೆ. ಅವಳದೇ ಅಕ್ಷರ, ದುಂಡಗೆ, ಅಂದವಾಗಿ. 'ಮೃತರು ಅಂದು ಬೆಳಿಗ್ಗೆ ಎಂದಿನಂತೆ ತಮ್ಮ ಕೆಲಸದಲ್ಲಿ ತೊಡಗಿದ್ದರು.' ಪ್ರೇಮಾವತಿ ಅತ್ತು ಅತ್ತು ಹೇಳಿದ ಹತ್ತು ಮಾತು ಕನ್ನಡದ ಒಂದು ವಾಕ್ಯವಾಗಿತ್ತು. ಉಳಿ ಕೊಟ್ಟದ್ದು ಕೇಸಿಗೆ ಸಂಬಂಧವಿಲ್ಲದ ಮನೆವಾರ್ತೆ ಎಂದು ಅವಳಿಗೆ ಅನಿಸಿತ್ತು.

ಕಣ್ಣು ಬಿಡಿಸಲು ಬಿಡಲಿಲ್ಲ ಎಂಬ ಸಿಟ್ಟಿಗೆ ಶಂಭು ಕೊಂದ ಎಂದು ಹೇಳಿಕೆ ಕೊಟ್ಟವನು ರಂಜಿತ್. ಪ್ರೇಮಾವತಿಯ ತಂಗಿಯ ಮಗ, ಅದೇ ಶೆಡ್ಡಿನಲ್ಲಿ ಶಂಭುವಿಗಿಂತ ನಾಲ್ಕು ವರ್ಷ ಮೊದಲು ಕೆಲಸಕ್ಕೆ ಕೂತವನು. ಕೊಲೆಯಾದ ದಿನ ತಾನು ಬೆಳಿಗ್ಗೆಯಿಂದ ಸಂಜೆಯವರೆಗೆ ಬೆಳ್ತಂಗಡಿಯಲ್ಲಿದ್ದೆ ಎಂದಿದ್ದ. ಅವನು ಹೇಳಿದ್ದನ್ನು ಶಶಿಪ್ರಭಾ ಒಂದಕ್ಷರ ಬಿಡದೆ ಬರೆದಿದ್ದಳು. ಅವನು ಕನ್ನಡದಲ್ಲಿ ಹೇಳಿದ್ದ.

ಈಗ ಅದೆಲ್ಲ ಬೇಡ. ಕೈಗೆ ಬೇಕಾದದ್ದು ಸಿಕ್ಕಿತ್ತು. ಗುರು ತಾನಾಗಿ ಆರಿಸಿದ ಶಿಷ್ಯ, ಆ ಬೆಳಿಗ್ಗೆಯೇ ಗುರುವಿನ ಕೈಯಿಂದ ಉಳಿ ತೆಗೆದುಕೊಂಡವನು. ಅವನಿಗೆ ಕೊಲ್ಲುವ ಕಾರಣವೇ ಇಲ್ಲ. ಅವಳು ಹೊಸ ಹಾಳೆಯಲ್ಲಿ ಬೇಗ ಬೇಗ ಬರೆದಳು. ಬರೆದದ್ದನ್ನು ತುಳುವಿಗೆ ತಿರುಗಿಸಿ ಓದಿ ಹೇಳಿದಳು. ನನ್ನ ಗಂಡ ಲೋಕಯ್ಯ ಆಚಾರ್ಯರು ಅಂದು ಬೆಳಿಗ್ಗೆ ತಮ್ಮ ಕೈಯಿಂದಲೇ ಸದರಿ ಉಳಿಯನ್ನು ಮಸೆದು ಎನ್ನುವಲ್ಲಿ ಪ್ರೇಮಾವತಿ ಕಣ್ಣು ಮುಚ್ಚಿದರು. ಬೇಡ ಎನ್ನಲಿಲ್ಲ.

"ಇಲ್ಲಿ ಸಹಿ ಹಾಕಿ ಅಮ್ಮ."

ಪ್ರೇಮಾವತಿ ಪೆನ್ನಿಗೆ ಎಡಗೈ ಚಾಚಿದರು. ಬಳೆ ತೆಗೆದ ಕೈ. ಮಣಿಕಟ್ಟಿನಲ್ಲಿ ಬಳೆಗಳಿದ್ದ ಬಿಳಿ ಗೆರೆ ಇನ್ನೂ ಹೋಗಿರಲಿಲ್ಲ. ಅದರಿಂದ ನಾಲ್ಕು ಬೆರಳು ಮೇಲೆ, ಒಂದು ಬೀಡಿ ಎಲೆಯಷ್ಟು ಜಾಗ, ಮಗುವಿನ ಚರ್ಮದ ಹಾಗೆ ಬೋಳು.

ಶಶಿಪ್ರಭಾ ಪೆನ್ನನ್ನು ಬಿಡಲಿಲ್ಲ.

ಅವಳು ಎದ್ದು ಮೂಲೆಗೆ ಹೋದಳು. ಅಲ್ಲಿ ಮರದ ಮೇಜಿನ ಮೇಲೆ ಯಂತ್ರ. ತೊಟ್ಟಿಯ ನೀರನ್ನು ಚೆಲ್ಲಿ ಕವುಚಿ ಇಟ್ಟಿದ್ದರು. ಕಲ್ಲಿನ ಚಕ್ರಕ್ಕೆ ಅಂಗೈ ಒತ್ತಿದಳು. ತಣ್ಣಗೆ, ಒದ್ದೆ. ಯಜಮಾನ ಸತ್ತು ಹತ್ತೊಂಬತ್ತು ದಿನವಾದ ಯಂತ್ರ.

"ರಂಜಿತ್ ಎಲ್ಲಿ?"

"ನಿನ್ನೆಯಿಂದ ಬೆಳ್ತಂಗಡಿಯಲ್ಲಿ. ಮೂರ್ತಿ ಅಲ್ಲಿಗೆ ಹೋಯಿತಲ್ಲ."

"ಹಾಗಾದರೆ ಇವತ್ತು ಬೆಳಿಗ್ಗೆ ಇದನ್ನು ತಿರುಗಿಸಿದ್ದು ಯಾರು?"

ಪ್ರೇಮಾವತಿ ಚಾಚಿದ ಕೈಯನ್ನು ಹಿಂದೆ ತೆಗೆದುಕೊಂಡರು. ಸೆರಗಿನಲ್ಲಿ ಮುಚ್ಚಿಕೊಳ್ಳಲು ಹೋಗಿ, ಆಮೇಲೆ ಬೇಡವೆಂದು ಬಿಟ್ಟರು. ಹೊರಗೆ ಯಾರದೋ ಬೈಕು ಹಾದುಹೋಯಿತು.

ಯಂತ್ರ ಬಂದ ತಿಂಗಳಲ್ಲೇ ಲೋಕಯ್ಯನವರ ಕೈ ಪೂರ್ತಿ ಹೋಗಿತ್ತಂತೆ. ಚಾದ ಲೋಟ ಬಾಯಿಗೆ ತಲುಪುವಷ್ಟರಲ್ಲಿ ಅರ್ಧ ಎದೆಯ ಮೇಲೆ. ಅಂಥವರು ತಿರುಪು ಹಿಡಿಯುವುದುಂಟೇ? ಅವರು ಬಾಗಿಲು ಹಾಕಿಕೊಂಡು ಯಂತ್ರದ ಪಕ್ಕದಲ್ಲಿ ಕೂರುತ್ತಿದ್ದರು, ಹೆಂಡತಿ ಮಸೆಯುತ್ತಿದ್ದಳು. ಹೊರಗಿನವರಿಗೆ ಸದ್ದು ಮಾತ್ರ ಕೇಳುತ್ತಿತ್ತು. ಎರಡು ವರ್ಷ.

"ಬಲದ ತಿರುಪು ನನಗೂ ಬಿಗಿಯಲು ಆಗುವುದಿಲ್ಲ," ಎಂದರು ಪ್ರೇಮಾವತಿ. ಬಲಗೈಯ ಹೆಬ್ಬೆರಳನ್ನು ಎತ್ತಿ ತೋರಿಸಿದರು. ಗೆಣ್ಣು ಊದಿ ಮರದ ಗಂಟಿನ ಹಾಗೆ ನಿಂತಿತ್ತು. "ಮೂವತ್ತು ವರ್ಷ ಬೀಡಿ ಕಟ್ಟಿದ್ದು. ಮಡಚುವುದಿಲ್ಲ. ಸಹಿ ಹಾಕುವುದೂ ಎಡಗೈಯಲ್ಲೇ."

ಶಶಿಪ್ರಭಾಳ ಬ್ಯಾಗಿನಲ್ಲಿ ನಿಝಾರನ ಕಾಗದವಿತ್ತು. ಐದೂ ಉಳಿ ಒಂದೇ ಕೈಯ ಕೆಲಸ ಎಂದು ಅವನು ಬರೆದುಕೊಟ್ಟದ್ದು ಸತ್ಯ. ಆ ಕೈ ಲೋಕಯ್ಯನವರದು ಎಂಬುದು ಸುಳ್ಳು. ಸತ್ತವರ ಕೈಯಾಗಿದ್ದರೆ ಮಸೆದದ್ದು ಸಾಯುವ ಮೊದಲೇ ಆಗಿರಬೇಕು. ಬದುಕಿರುವವರ ಕೈಗೆ ಆ ಕಟ್ಟಳೆ ಇಲ್ಲ. ಗಂಡನನ್ನು ಇರಿದ ಉಳಿಯನ್ನು ಹತ್ತು ನಿಮಿಷ ನೀರಿನ ಚಕ್ರಕ್ಕೆ ಹಿಡಿದು, ತೊಗಲಿಗೆ ಮುಟ್ಟಿಸಿ, ಶಂಭುವಿನ ಸುರುಳಿಗೆ ಸೇರಿಸಲು ಈ ಕೈಗೆ ಏನೂ ಕಷ್ಟವಿರಲಿಲ್ಲ.

"ಯಾಕೆ ಯಾರಿಗೂ ಹೇಳಲಿಲ್ಲ?"

"ಹೇಳಿದರೆ ಏನಾಗ್ತದೆ ನಿನಗೆ ಗೊತ್ತಿಲ್ಲವಾ? ಎರಡು ವರ್ಷದಲ್ಲಿ ಒಂಬತ್ತು ಮೂರ್ತಿ ಹೋಗಿವೆ ಇಲ್ಲಿಂದ. ಒಂಬತ್ತಕ್ಕೂ ಕಣ್ಣಿನ ಉಳಿ ನಾನು ಮಸೆದದ್ದು. ಹೆಂಗಸು ಮುಟ್ಟಿದ ಉಳಿಯಲ್ಲಿ ಕಣ್ಣು ಬಿಡಿಸಿದ್ದು ಅಂತ ಗೊತ್ತಾದರೆ ಒಂಬತ್ತನ್ನೂ ಹೊರಗೆ ಹಾಕ್ತಾರೆ. ಅವರ ಹೆಸರು ಉಳಿದಿರುವುದು ಅದರಲ್ಲಿ ಮಾತ್ರ."

"ಶಂಭುವಿನ ಕೈಗಿಂತ ಹೆಸರು ದೊಡ್ಡದಾ?"

"ಸಹಿ ಹಾಕಲು ಕೈ ಚಾಚಿದೆನಲ್ಲ. ನೀನೇ ಪೆನ್ನು ಬಿಡ್ತಾ ಇಲ್ಲ."

ಅದು ನಿಜ. ಶಶಿಪ್ರಭಾ ಕೈಯಲ್ಲಿದ್ದ ಹಾಳೆಯನ್ನು ನೋಡಿದಳು. ಈ ಸುಳ್ಳಿಗೆ ಒಂದು ಸಹಿ ಬಿದ್ದರೆ ಸಂಜೆಯೊಳಗೆ ಶಂಭುವಿನ ಬೇಡಿ ಬಿಚ್ಚಬಹುದು. ನಿಜ ಬರೆದರೆ ನಿಝಾರನ ಕಾಗದಕ್ಕೂ ಬೆಲೆ ಹೋಗುತ್ತದೆ, ಉಳಿ ಮತ್ತೆ ಶಂಭುವಿನದೇ ಉಳಿಯಾಗುತ್ತದೆ. ಗಂಟೆ ಹನ್ನೆರಡೂ ಹತ್ತು. ಅವಳು ಬರೆದ ಒಂದು ತಪ್ಪು ವಾಕ್ಯ ಅವನನ್ನು ಒಳಗೆ ಹಾಕಿತ್ತು. ಇನ್ನೊಂದು ತಪ್ಪು ವಾಕ್ಯ ಹೊರಗೆ ತರಬಲ್ಲದು.

ಅವಳು ಯಂತ್ರದ ಬಳಿಯಿಂದಲೇ ಕೇಳಿದಳು. "ಅಮ್ಮ, ಒಂದು ಹೇಳಿ. ಆ ಉಳಿಯನ್ನು ಮಸೆದದ್ದು ಅವರು ಸಾಯುವ ಮೊದಲಾ, ಆಮೇಲಾ?"

"ನೀನು ಉಳಿಯನ್ನು ಓದಲು ಕಲಿತು ಬಂದೆಯಲ್ಲ. ಅದನ್ನೇ ಕೇಳು."

"ಇವತ್ತು ಬೆಳಿಗ್ಗೆ ಯಾರಿಗೆ ಮಸೆದದ್ದು?"

"ರಂಜಿತ್‌ಗೆ. ನಾಳೆ ಕಣ್ಣು ಬಿಡಿಸುವುದು ಅವನಲ್ಲವಾ ಈಗ. ಸಂಜೆ ಬಂದು ಕೊಂಡುಹೋಗ್ತಾನೆ."

"ಅವನಿಗೆ ಗೊತ್ತುಂಟಾ, ನೀವು ಮಸೆಯುವುದು?"

"ಗೊತ್ತಿಲ್ಲದೆ ಎಂತ? ಅವತ್ತು ಅವನು ಬಾಗಿಲು ದೂಡಿಕೊಂಡು ಒಳಗೆ ಬಂದದ್ದೇ ಅದನ್ನು..."

ಪ್ರೇಮಾವತಿ ಅಲ್ಲಿಗೆ ನಿಲ್ಲಿಸಿದರು.

ಶೆಡ್ಡಿನಲ್ಲಿ ಹಲಸಿನ ಮರದ ಹಸಿ ವಾಸನೆ. ಅವತ್ತು ರಂಜಿತ್ ಬೆಳಿಗ್ಗೆಯಿಂದ ಸಂಜೆಯವರೆಗೆ ಬೆಳ್ತಂಗಡಿಯಲ್ಲಿದ್ದ. ಅವಳ ಕೈಯಲ್ಲೇ ಬರೆದದ್ದುಂಟು, ಒಂದಕ್ಷರ ಬಿಡದೆ.

"ಯಾವತ್ತು ಅಮ್ಮ?" ಅವಳು ಮೆಲ್ಲಗೆ ಕೇಳಿದಳು. "ಯಾವತ್ತು ಬಂದ?"

ಪ್ರೇಮಾವತಿ ಎದ್ದು ಪೊರಕೆ ಎತ್ತಿಕೊಂಡರು. ಆಗಲೇ ಗುಡಿಸಿ ಮುಗಿಸಿದ್ದ ಜಾಗವನ್ನು ಮತ್ತೆ ಗುಡಿಸತೊಡಗಿದರು.

ಶಶಿಪ್ರಭಾಳ ಮೊಬೈಲು ಆಗ ಹೊಡೆದುಕೊಂಡಿತು. ಆಸ್ಪತ್ರೆಯ ಕಾವಲಿಗಿದ್ದ ಹೆಡ್ ಕಾನ್‌ಸ್ಟೇಬಲ್ ಚನಿಯಪ್ಪ. ಮೂವತ್ತು ವರ್ಷ ಸರ್ವೀಸಾದ ಮನುಷ್ಯ, ಸಾವಿನ ಸುದ್ದಿಯನ್ನೂ ಬಸ್ಸಿನ ಸಮಯ ಹೇಳಿದ ಹಾಗೆ ಹೇಳುವವರು. ಇವತ್ತು ಅವರು ಎರಡು ಸಲ ಗಂಟಲು ಸರಿಮಾಡಿಕೊಂಡರು.

ಬೆಳಿಗ್ಗೆ ಹತ್ತರ ಹೊತ್ತಿಗೆ ಜ್ವರ ಏರಿತಂತೆ. ಕೊಳೆತ ಬೆರಳುಗಳ ಕಪ್ಪು ಅಂಗೈಗೆ ಇಳಿಯಲು ಸುರುವಾಯಿತಂತೆ. ಜಾಮೀನಿಗೆ ಕಾದರೆ ಕೈಯೇ ಹೋಗುತ್ತದೆ ಎಂದು ಡಾಕ್ಟರರು ತಾಯಿಯಿಂದ ಹೆಬ್ಬೆಟ್ಟು ಒತ್ತಿಸಿಕೊಂಡು ಆಪರೇಶನ್ನಿಗೆ ಒಳಗೆ ತೆಗೆದುಕೊಂಡರಂತೆ. ಈಗಷ್ಟೇ ಹೊರಗೆ ತಂದಿದ್ದಾರೆ, ಹುಷಾರಿದ್ದಾನೆ, ಪ್ರಜ್ಞೆ ಬಂದಿಲ್ಲ. ಠಾಣೆಗೆ ವರದಿ ಬೇಕಲ್ಲ, ಬರೆದುಕೊಳ್ಳಿ ಮೇಡಂ ಎಂದರು ಚನಿಯಪ್ಪ.

ಅವಳು ನೋಟ್ ಪುಸ್ತಕವನ್ನು ಒದ್ದೆ ಚಕ್ರದ ಪಕ್ಕದಲ್ಲಿ ಇಟ್ಟು, ಅವರು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದಳು.

ಬಲಗೈ. ತೋರುಬೆರಳು ಪೂರ್ತಿ. ನಡುಬೆರಳು ಪೂರ್ತಿ. ಉಂಗುರಬೆರಳು ಎರಡು ಗೆಣ್ಣು.